ಹಳೆಯ ಹೆಸರು, ಮುಗಿದ ಮದುವೆ, ಹೊಸ ಪೌರತ್ವ

ಒಬ್ಬ ಮನುಷ್ಯನಿಗೆ ಎಷ್ಟು ಹೆಸರುಗಳಿರಬಹುದು? ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದಲ್ಲಾಗಲಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಾಗಲಿ ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವುದು ಕಷ್ಟ. ಮನೆಯಲ್ಲಿ ಕರೆಯುವ ಹೆಸರು ಒಂದು, ಶಾಲೆಯ ದಾಖಲೆಯಲ್ಲಿರುವುದು ಇನ್ನೊಂದು, ಪಹಣಿಯಲ್ಲಿ ಮತ್ತೊಂದು, ಪಾಸ್‌ಪೋರ್ಟಿನಲ್ಲಿ ಮಗದೊಂದು. ಊರಿನಲ್ಲಿ ಇರುವಷ್ಟು ಕಾಲ ಇದರಿಂದ ಯಾರಿಗೂ ತೊಂದರೆಯಿಲ್ಲ. ಇಂಥ ಮನೆಯ ಇಂಥವರ ಮಗ ಎಂದರೆ ಸಾಕು, ಗುರುತು ಹತ್ತುತ್ತದೆ. ಆದರೆ ಆ ಮಗ ಕಡಲು ದಾಟಿ, ಹತ್ತಾರು ವರ್ಷ ದುಡಿದು, ಅಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಲು ಕುಳಿತಾಗ ಈ ಪ್ರಶ್ನೆ ಅರ್ಜಿಯ ಮೊದಲ ಪುಟಗಳಲ್ಲೇ ಎದುರಾಗುತ್ತದೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: ನಿಮಗೆ ಇದುವರೆಗೆ ಎಷ್ಟು ಸಲ ಮದುವೆಯಾಗಿದೆ?

ಎರಡೂ ಸರಳವಾದ ಪ್ರಶ್ನೆಗಳು. ಆದರೆ ನಮ್ಮವರು ತಡವರಿಸುವುದು ಇಲ್ಲಿಯೇ. ಆ ತಡವರಿಕೆಗೆ ನಮ್ಮ ನೆಲದ ಚರಿತ್ರೆಯಲ್ಲಿ ಕಾರಣಗಳಿವೆ.

ಹೆಸರು ಬದಲಾದ ಬಗೆ

ಹಿಂದೆ ತುಳುನಾಡಿನ ದುಡಿಯುವ ಜನರ ಮನೆಗಳಲ್ಲಿ ಹುಟ್ಟಿದ ವಾರವೇ ಮಗುವಿನ ಹೆಸರಾಗುತ್ತಿತ್ತು. ಆದಿತ್ಯವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಸೋಮವಾರದವನು ಚೋಮ, ಕಾರಂತರ ಕಾದಂಬರಿಯಿಂದಾಗಿ ಕನ್ನಡಿಗರಿಗೆಲ್ಲ ಪರಿಚಿತವಾದ ಹೆಸರದು. ಮಕ್ಕಳು ಶಾಲೆಗೆ ಹೋಗತೊಡಗಿದಾಗ ಎಷ್ಟೋ ಕಡೆ ಮೇಷ್ಟ್ರೇ ‘ಒಳ್ಳೆಯ’ ಹೆಸರೊಂದನ್ನು ಹುಡುಕಿ ಹಾಜರಿ ಪುಸ್ತಕಕ್ಕೆ ಏರಿಸಿದರು. ಹುಟ್ಟಿದ ತಾರೀಖನ್ನೂ ಅಂದಾಜಿನಿಂದ ಬರೆದರು. ಮನೆಯವರಿಗೆ ಮಾತ್ರ ಅವನು ತನಿಯನಾಗಿಯೇ ಉಳಿದ.

ಅಳಿಯಸಂತಾನ ಪದ್ಧತಿಯ ಮನೆಗಳಲ್ಲಿ ತೊಡಕು ಬೇರೆ ತೆರನದು. ಅಲ್ಲಿ ಬರಿ, ಮನೆತನ, ಆಸ್ತಿಯ ಹಕ್ಕು ಎಲ್ಲವೂ ತಾಯಿಯ ಕಡೆಯಿಂದ ಬರುವಂಥವು. ತಂದೆಯದು ಒಂದು ಮನೆಯಾದರೆ ಮಕ್ಕಳದು ಇನ್ನೊಂದು. ಇಂಥವರ ಮುಂದೆ ವಿದೇಶದ ಅರ್ಜಿ ‘ಕುಟುಂಬದ ಹೆಸರು ಏನು?’ ಎಂದು ಕೇಳಿದರೆ ಒಬ್ಬರು ತಂದೆಯ ಹೆಸರು ಬರೆದಾರು, ಇನ್ನೊಬ್ಬರು ಜಾತಿಸೂಚಕವಾದ ಶೆಟ್ಟಿ, ಪೂಜಾರಿ ಎಂಬುದನ್ನು ಬರೆದಾರು, ಮತ್ತೊಬ್ಬರು ಮನೆಯ ಹೆಸರನ್ನು ಬರೆದಾರು. ಒಂದೇ ತಾಯಿಯ ಮೂವರು ಮಕ್ಕಳು ಮೂರು ಕುಟುಂಬದವರಂತೆ ಕಾಣುವುದು ಹೀಗೆ. ಕೆಥೊಲಿಕ್ ಮನೆಗಳಲ್ಲಿ ಕುಲನಾಮ ಖಚಿತವಾಗಿದೆ ನಿಜ. ಆದರೆ ಡಿಸೋಜ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಬ್ಯಾರಿಗಳ ಮಹಮ್ಮದ್ ಎಂಬ ಹೆಸರಿನ ಕಥೆಯೂ ಇದೇ. ಇವುಗಳ ಜೊತೆಗೆ ಇನಿಷಿಯಲ್ಲುಗಳ ಗೋಜಲು. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರಿನ ಹಿಂದುಮುಂದು ಬದಲಾಗುವುದಂತೂ ಇದ್ದೇ ಇದೆ.

ಇವುಗಳಲ್ಲಿ ಯಾವುದೂ ಮೋಸವಲ್ಲ. ಇದನ್ನು ಮೊದಲಿಗೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಬಿಡುಗಡೆ ಎಂಬ ಮಾತು

ಮದುವೆಯ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಅನೇಕ ಸಮುದಾಯಗಳಲ್ಲಿ ಮದುವೆ ಮುರಿಯುವುದಕ್ಕೂ ಮರುಮದುವೆಗೂ ಕಾನೂನು ಬರುವ ಎಷ್ಟೋ ಮೊದಲೇ ದಾರಿಯಿತ್ತು. ಬಯಲುಸೀಮೆಯ ಕೂಡಿಕೆ, ಉಡಿಕೆಗಳನ್ನು ಕೇಳದವರಾರು? ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗ, 1949ರಲ್ಲಿ ಬಂದ ಅಳಿಯಸಂತಾನ ಕಾಯ್ದೆ ಆಸ್ತಿ ಪಾಲಿನ ಜೊತೆಗೆ ಮದುವೆಯ ವಿಷಯವನ್ನೂ ಒಳಗೊಂಡಿತ್ತು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ನು ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಉಳಿಸಿತು. ಆದರೆ ಅಂಥ ರೂಢಿ ಆ ಸಮುದಾಯದಲ್ಲಿ ಇದೆಯೆಂದು ಹೇಳಿದರೆ ಸಾಲದು, ಸಾಕ್ಷ್ಯದಿಂದ ಸಿದ್ಧಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2002ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಹಿರಿಯರು ಕೂತು, ಛಾಪಾಕಾಗದದ ಮೇಲೆ ಇಬ್ಬರ ಸಹಿ ಹಾಕಿಸಿ, ಒಡವೆ ವಸ್ತು ಹಿಂತಿರುಗಿಸಿ ‘ಇಲ್ಲಿಗೆ ಮುಗಿಯಿತು’ ಎಂದದ್ದು ಊರಿನ ಪಾಲಿಗೆ ಮುಗಿದಿರಬಹುದು, ಕೋರ್ಟಿನ ಪಾಲಿಗೆ ಮುಗಿಯದೆ ಇರಬಹುದು.

ಕೆಥೊಲಿಕರದೂ ಇಂಥದೇ ಪಾಡು. ಚರ್ಚಿನ ನ್ಯಾಯಪೀಠ ಒಂದು ಮದುವೆಯನ್ನು ಅಸಿಂಧುವೆಂದು ಸಾರಿದರೆ ಚರ್ಚಿನಲ್ಲಿ ಮತ್ತೆ ಮದುವೆಯಾಗಲು ಅಡ್ಡಿಯಿಲ್ಲ. ಆದರೆ ದೇಶದ ಕಾನೂನಿನ ಕಣ್ಣಿಗೆ ಮೊದಲ ಮದುವೆ ಹಾಗೆಯೇ ಇರುತ್ತದೆ. ಚರ್ಚಿನ ಈ ತೀರ್ಮಾನಗಳಿಗೆ ಕಾನೂನಿನ ಮಾನ್ಯತೆ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದವರು ಮಂಗಳೂರಿನ ಹಿರಿಯ ವಕೀಲರೂ ದಕ್ಷಿಣ ಕನ್ನಡ ಕೆಥೊಲಿಕ್ ಸಂಘದ ಮಾಜಿ ಅಧ್ಯಕ್ಷರೂ ಆದ ಕ್ಲಾರೆನ್ಸ್ ಪಾಯ್ಸ್. 2017ರ ಜನವರಿಯಲ್ಲಿ ಆ ಅರ್ಜಿ ವಜಾ ಆಯಿತು. ಮುಸ್ಲಿಮರಲ್ಲಿ ಒಂದೇ ಉಸಿರಿಗೆ ಹೇಳುವ ಮೂರು ತಲಾಖ್ ಸಲ್ಲದೆಂಬ ತೀರ್ಪು ಬಂದುದೂ ಅದೇ ವರ್ಷ.

ಹೀಗಾಗಿ ಊರಿನಲ್ಲಿ ‘ಬಿಡುಗಡೆ ಆಗಿದೆ’ ಎನ್ನುವ ಎಷ್ಟೋ ಮದುವೆಗಳಿಗೆ ಕೋರ್ಟಿನ ಕಾಗದವಿಲ್ಲ. ಕಾಗದವಿಲ್ಲದ್ದನ್ನು ಹೇಳುವುದೇಕೆ, ಅದು ಮದುವೆಯೇ ಅಲ್ಲ ಎಂದುಕೊಂಡರಾಯಿತು ಎಂಬ ಯೋಚನೆ ಬರುವುದು ಇಲ್ಲಿಂದಲೇ. ಮುರಿದ ಸಂಬಂಧದ ಬಗ್ಗೆ ನಮಗಿರುವ ನಾಚಿಕೆಯೂ ಅದಕ್ಕೆ ಕೈಜೋಡಿಸುತ್ತದೆ.

ಅವರು ಕೇಳುವುದೇಕೆ?

ಅಮೆರಿಕದ ಪೌರತ್ವದ ಅರ್ಜಿಗೆ ಎನ್-400 ಎಂದು ಹೆಸರು. ಹುಟ್ಟಿದಂದಿನಿಂದ ಬಳಸಿದ ಬೇರೆ ಹೆಸರುಗಳನ್ನೆಲ್ಲ, ಮದುವೆಗೆ ಮುಂಚಿನ ಹೆಸರನ್ನೂ ಸೇರಿಸಿ, ಅದು ಕೇಳುತ್ತದೆ. ಎಷ್ಟು ಮದುವೆ ಎಂಬಲ್ಲಿ ರದ್ದಾದ ಮದುವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾದ ಆಧಾರದ ಮೇಲೆ ಅರ್ಜಿ ಹಾಕುವವರು ಈಗಿನ ಗಂಡ ಅಥವಾ ಹೆಂಡತಿಗೆ ಹಿಂದೆ ಮದುವೆಯಾಗಿತ್ತೇ ಎಂಬುದನ್ನೂ ಹೇಳಬೇಕು.

ಇದು ಕೆದಕುವ ಚಟವಲ್ಲ. ಹೆಸರು ಗೊತ್ತಾದರೆ ಹಳೆಯ ಕಡತ ಸಿಗುತ್ತದೆ. ಅಪರಾಧ, ಗಡೀಪಾರಿನ ಆದೇಶ, ಹಿಂದೆ ತಿರಸ್ಕೃತವಾದ ಅರ್ಜಿ ಎಲ್ಲವೂ ಇರುವುದು ಆಗಿನ ಹೆಸರಿನಲ್ಲಿ. ಮದುವೆಯ ಪ್ರಶ್ನೆಗೂ ಕಾರಣವಿದೆ. ಗಂಡ ಅಥವಾ ಹೆಂಡತಿಯ ಆಧಾರದ ಮೇಲೆ ವೀಸಾ ಪಡೆದು ಹೋದವರ ಹಕ್ಕು ನಿಂತಿರುವುದೇ ಆ ಮದುವೆಯ ಸಿಂಧುತ್ವದ ಮೇಲೆ. ಮೊದಲ ಮದುವೆ ಮುಗಿದಿಲ್ಲವಾದರೆ ಎರಡನೆಯದು ನಿಲ್ಲದು. ಎರಡನೆಯದು ನಿಲ್ಲದಿದ್ದರೆ ಅದರ ಮೇಲೆ ಕಟ್ಟಿದ್ದೂ ನಿಲ್ಲದು.

ಭಾರತದಿಂದ ಹೋದ ಒಬ್ಬ ವ್ಯಕ್ತಿಯ ಪ್ರಕರಣ ಇದಕ್ಕೆ ತಕ್ಕ ಉದಾಹರಣೆ. ಆತ 1991ರಲ್ಲಿ ದಾಖಲೆಗಳಿಲ್ಲದೆ ಸಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು ಒಂದು ಹೆಸರು ಹೇಳಿದ. ವಿಚಾರಣೆಗೆ ಹಾಜರಾಗದ ಕಾರಣ ಆ ಹೆಸರಿನ ಮೇಲೆ ಗಡೀಪಾರಿನ ಆದೇಶವಾಯಿತು. ಅದಾದ ಮೇಲೆ ಆತ ಇನ್ನೊಂದು ಹೆಸರಿನಿಂದ ಆಶ್ರಯ ಕೋರಿ ಅರ್ಜಿ ಹಾಕಿದ, ಅಮೆರಿಕದ ಪ್ರಜೆಯೊಬ್ಬಳನ್ನು ಮದುವೆಯಾದ, 2006ರಲ್ಲಿ ಪೌರನೂ ಆದ. ಹಳೆಯ ಬೆರಳಚ್ಚು ಕಾಗದಗಳನ್ನು ಕಂಪ್ಯೂಟರಿಗೆ ಏರಿಸಿ ತಾಳೆ ನೋಡುವ ಕೆಲಸ ಆಮೇಲೆ ಶುರುವಾಯಿತು. 2018ರ ಜನವರಿಯಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶರು ಆತನ ಪೌರತ್ವವನ್ನು ರದ್ದುಪಡಿಸಿದರು. ಹನ್ನೊಂದು ವರ್ಷ ಪೌರನಾಗಿ ಬಾಳಿದ್ದು ನೆರವಿಗೆ ಬರಲಿಲ್ಲ.

ಹಾಗೆಂದು ಪ್ರತಿಯೊಂದು ತಪ್ಪಿಗೂ ಪೌರತ್ವ ಹೋಗುತ್ತದೆಂದು ಹೆದರಬೇಕಾಗಿಲ್ಲ. ಗಂಡ ಯುದ್ಧಕಾಲದಲ್ಲಿ ಸೇನೆಯಲ್ಲಿದ್ದುದನ್ನು ಮುಚ್ಚಿಟ್ಟ ಬೋಸ್ನಿಯಾದ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಒಂದು ಮಾತು ಹೇಳಿತು. ಸುಳ್ಳು ಹೇಳಿದ ಅಪರಾಧಕ್ಕಾಗಿ ಪೌರತ್ವ ಕಳೆಯಬೇಕಾದರೆ, ಆ ಸುಳ್ಳಿಗೂ ಪೌರತ್ವ ಸಿಕ್ಕಿದ್ದಕ್ಕೂ ಸಂಬಂಧ ಇರಬೇಕು ಎಂದು. ಆದರೆ ಪ್ರಮಾಣ ಮಾಡಿ ಹೇಳುವ ಸುಳ್ಳು ಚಿಕ್ಕದಾದರೂ ಅರ್ಜಿದಾರನ ‘ಸಚ್ಚಾರಿತ್ರ್ಯ’ಕ್ಕೆ ಕುಂದು ತರಬಲ್ಲದು ಎಂಬ ತೀರ್ಪೂ ಅದೇ ಕೋರ್ಟಿನದೇ, 1988ರದು.

ನಮ್ಮ ಕಾನೂನೂ ಇದೇ ಹಾದಿಯದು. 1955ರ ಪೌರತ್ವ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ವಂಚನೆಯಿಂದಲೋ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟೋ ಪಡೆದ ಪೌರತ್ವವನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು. ತೆಲಂಗಾಣದ ವೇಮುಲವಾಡದ ಶಾಸಕರಾಗಿದ್ದ ಚೆನ್ನಮನೇನಿ ರಮೇಶ್ ಜರ್ಮನಿಯ ಪೌರತ್ವ ಪಡೆದಿದ್ದು, 2009ರಲ್ಲಿ ಮತ್ತೆ ಭಾರತದ ಪೌರರಾಗಿದ್ದರು. ಅರ್ಜಿಗೆ ಮುಂಚಿನ ಒಂದು ವರ್ಷದ ವಿದೇಶ ಪ್ರವಾಸವನ್ನು ಮರೆಮಾಡಿದ್ದಾರೆಂದು ಕೇಂದ್ರ ಗೃಹ ಖಾತೆ ಅದನ್ನು ರದ್ದುಮಾಡಿತು. 2024ರ ಡಿಸೆಂಬರಿನಲ್ಲಿ ತೆಲಂಗಾಣ ಹೈಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು.

ಪೆಟ್ಟು ಬೀಳುವುದು ಯಾರಿಗೆ?

ಮುಚ್ಚಿಟ್ಟವನೊಬ್ಬನೇ ನಷ್ಟಪಟ್ಟರೆ ಅದು ಅವನ ಕರ್ಮವೆನ್ನಬಹುದಿತ್ತು. ಹಾಗಾಗುವುದಿಲ್ಲ. ಅಮೆರಿಕದಲ್ಲಿ ಸಂಗತಿ ಮುಚ್ಚಿಟ್ಟ ಕಾರಣಕ್ಕೆ ಒಬ್ಬನ ಪೌರತ್ವ ರದ್ದಾದರೆ, ಅವನ ಪೌರತ್ವದ ಬಲದಿಂದ ಪೌರರಾದ ಹೆಂಡತಿ ಮಕ್ಕಳದೂ ಹೋಗುತ್ತದೆ. ಇತ್ತ ನಮ್ಮ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಗಳಿಗೆಯಲ್ಲೇ ಭಾರತದ ಪೌರತ್ವ ಕೊನೆಗೊಂಡಿರುತ್ತದೆ. ಅದು ತಾನಾಗಿ ಮರಳಿ ಬರುವುದಿಲ್ಲ.

ಇನ್ನೊಬ್ಬಳಿದ್ದಾಳೆ. ಅರ್ಜಿಯಲ್ಲಿ ಹೆಸರೇ ಕಾಣಿಸದ ಮೊದಲ ಹೆಂಡತಿ. ಗಂಡ ‘ಒಂದೇ ಮದುವೆ’ ಎಂದು ಬರೆದಾಗ ಅವಳು ಕಾಗದದ ಮೇಲೆ ಇಲ್ಲವಾಗುತ್ತಾಳೆ. ಜೀವನಾಂಶ ಕೇಳಲು, ಬೇರೆ ಮದುವೆಯಾಗಲು ಅವಳಿಗೆ ಬೇಕಾದ ದಾಖಲೆಯೂ ಇಲ್ಲವಾಗುತ್ತದೆ. ಹಿಂದಿನ ಮದುವೆ ಊರ್ಜಿತವಿರುವಾಗ ಅದನ್ನು ಮರೆಮಾಚಿ ಇನ್ನೊಬ್ಬಳನ್ನು ಮದುವೆಯಾಗುವುದು ನಮ್ಮಲ್ಲಿ ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಹಳೆಯ ದಂಡಸಂಹಿತೆಯಲ್ಲಿ ಅದು 495ನೇ ಸೆಕ್ಷನ್. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 82ನೆಯದು.

ದಾರಿ ಇದೆ

ಹೆಸರಿನ ತೊಡಕಿಗೆ ಪರಿಹಾರ ಕಷ್ಟವೇನಲ್ಲ. ಬಳಸಿದ ಹೆಸರುಗಳನ್ನೆಲ್ಲ, ಕಾಗುಣಿತದ ಭೇದವನ್ನೂ ಸೇರಿಸಿ, ಬರೆಯುವುದು. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸುವುದು. ವಿಧಿವತ್ತಾಗಿ ಬದಲಿಸಿದ್ದರೆ ಗೆಜೆಟ್ ಪ್ರಕಟಣೆಯ ಪ್ರತಿ ಇಡುವುದು. ಶಾಲೆಯ ದಾಖಲೆ, ಚರ್ಚಿನ ದೀಕ್ಷಾಸ್ನಾನದ ದಾಖಲೆ, ಮಸೀದಿಯ ನಿಕಾಹ್ ಪುಸ್ತಕ ಇವೆಲ್ಲ ಸಾಕ್ಷಿಗೆ ನಿಲ್ಲುತ್ತವೆ.

ಮದುವೆಯದು ಸ್ವಲ್ಪ ದೂರದ ದಾರಿ. ರೂಢಿಯಂತೆ ಬಿಡುಗಡೆಯಾಗಿದ್ದರೆ ಸಿವಿಲ್ ಕೋರ್ಟಿನಿಂದ ಹಾಗೆಂದು ಘೋಷಣೆಯ ಡಿಕ್ರಿ ಪಡೆಯಬಹುದು. ರೂಢಿ ಸಿದ್ಧವಾಗದಿದ್ದರೆ ಕಾನೂನಿನ ವಿಚ್ಛೇದನವೇ ಬೇಕು. ಇವೆರಡನ್ನೂ ಎರಡನೆಯ ಮದುವೆಗೆ ಮೊದಲೇ ಮಾಡಬೇಕೇ ಹೊರತು ಅರ್ಜಿ ಹಾಕುವ ಹಿಂದಿನ ತಿಂಗಳಲ್ಲ. ಹಿಂದಿನ ವೀಸಾ ಅರ್ಜಿಯಲ್ಲಿ ಬೇರೆ ಬರೆದಾಗಿದ್ದರೆ, ಅದನ್ನೇ ಮತ್ತೆ ನಕಲು ಮಾಡುವ ಬದಲು ಆ ದೇಶದ ವಲಸೆ ಕಾನೂನು ಬಲ್ಲ ವಕೀಲರನ್ನು ಮೊದಲು ಕಾಣುವುದು ಲೇಸು.

ಮದುವೆ ಮುರಿದದ್ದಕ್ಕೆ ಯಾವ ದೇಶವೂ ಪೌರತ್ವ ನಿರಾಕರಿಸುವುದಿಲ್ಲ. ಅಜ್ಜ ಇಟ್ಟ ಹೆಸರು, ಮೇಷ್ಟ್ರು ಬರೆದ ಹೆಸರು ಎರಡೂ ಇದ್ದದ್ದಕ್ಕೂ ನಿರಾಕರಿಸುವುದಿಲ್ಲ. ಐತ, ತುಕ್ರ ಎಂಬ ಹೆಸರಿಗೆ ನಾಚಿದ್ದು ನಾವು. ಹಿರಿಯರು ಒಪ್ಪಿ ಬಿಡಿಸಿದ ಸಂಬಂಧಕ್ಕೆ ನಾಚಿದ್ದೂ ನಾವೇ. ಆ ನಾಚಿಕೆಯನ್ನು ಸುಳ್ಳಿನಿಂದ ಮುಚ್ಚಿದಾಗ ಅದರ ಬೆಲೆಯನ್ನು ಹೆಚ್ಚಾಗಿ ತೆರುವವರು ಏನೂ ಅರಿಯದ ಹೆಂಡತಿ, ಮಕ್ಕಳು.