ಹಾರುವ ನೀರುಹಕ್ಕಿಯ ಚಿತ್ರ ತೆಗೆಯುವ ಬಗೆ

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತದ ಗಡಿಬಿಡಿಯೂ ಇಳಿದ ಮೇಲೆ ನಮ್ಮ ಬೆಳೆಗಾರರಿಗೆ ನಾಲ್ಕು ದಿನ ಬಿಡುವು ಸಿಗುತ್ತದೆ. ಅಂಥ ಬಿಡುವಿನಲ್ಲಿ, ಒಂದು ಫೆಬ್ರವರಿಯಲ್ಲಿ, ನಾನು ಸಂಡೂರು ತಾಲ್ಲೂಕಿನ ಬಂಡ್ರಿಗೆ ಬೀಗರ ಮನೆಗೆ ಹೋಗಿದ್ದೆ. ಜೊತೆಯಲ್ಲಿ ಹೊಸ ಕ್ಯಾಮೆರಾ ಇತ್ತು. ಮರುದಿನ ನಸುಕಿನಲ್ಲೇ ಬೀಗರು ನನ್ನನ್ನು ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಕರೆದೊಯ್ದರು.

ದಂಡೆಯ ಕೆಸರಿನಲ್ಲಿ ಬಾತುಗಳ ಹಿಂಡು ಮೇಯುತ್ತಿತ್ತು. ಕೂತ ಹಕ್ಕಿಯ ಚಿತ್ರ ಯಾರಿಗೆ ಬೇಕು ಎಂದುಕೊಂಡು ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಹಿಂಡಿಗೆ ಹಿಂಡೇ ಎದ್ದು ಹಾರಿತು. ಗುಂಡಿ ಒತ್ತಿದ್ದೇ ಒತ್ತಿದ್ದು. ನೋಡಿದರೆ ಬಂದದ್ದೆಲ್ಲ ಬರೀ ಮಸುಕು, ಅದೂ ಹಕ್ಕಿಗಳ ಬೆನ್ನು! ಬೀಗರು ಮಾತ್ರ ನಗಲಿಲ್ಲ.

“ಉಣ್ಣಾಕ ಕುಂತವ್ರನ್ನ ಎಬ್ಬಿಸಿ ಯಾರರ ಫೋಟೊ ತೆಗೀತಾರೇನ್ರೀ ಬೀಗ್ರ? ಸುಮ್ನ ಕುಂದರ್ರಿ, ಅವ ಏಳ್ತಾವ” ಎಂದರು.

ನನಗೆ ನಾಚಿಕೆಯಾಯಿತು. ಅವರ ಮಾತಿನಲ್ಲಿ ಲೆಕ್ಕವೂ ಇತ್ತು. ಚಳಿಗಾಲಕ್ಕೆ ಉತ್ತರದಿಂದ ಬರುವ ಬಾತುಗಳು ಬೇಸಿಗೆಗೆ ಮುಂಚೆ ಸಾವಿರಾರು ಕಿಲೋಮೀಟರ್ ಹಿಂದಿರುಗಬೇಕು. ಪಟ್ಟೆತಲೆ ಹೆಬ್ಬಾತುಗಳಂತೂ ಹಿಮಾಲಯವನ್ನೇ ದಾಟಬೇಕು. ಆ ದಾರಿಗೆ ಬುತ್ತಿಯೆಂದರೆ ಇಲ್ಲಿ ತಿಂದು ಮೈಯಲ್ಲಿ ಕೂಡಿಟ್ಟ ಕೊಬ್ಬು. ನಾವು ಎಬ್ಬಿಸಿದಾಗಲೆಲ್ಲ ಆ ಬುತ್ತಿಯಲ್ಲೇ ಖರ್ಚು ಬೀಳುತ್ತದೆ. ಗೂಡಿನ ಹತ್ತಿರ ಗಲಾಟೆ ಮಾಡಿದರೆ ಇನ್ನೂ ಅನ್ಯಾಯ. ತಾಯಿ ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಯ ಗೂಡು, ಮೊಟ್ಟೆಗಳನ್ನು ಕೆಣಕುವುದನ್ನೂ ಬೇಟೆಯ ಅರ್ಥದೊಳಗೇ ಸೇರಿಸಿದೆ.

ಗಾಳಿ ಮತ್ತು ಬಿಸಿಲು

ಹಾಗಾದರೆ ಹಾರುವ ಹಕ್ಕಿ ಸಿಗುವುದು ಹೇಗೆ? ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏಳುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಆದ್ದರಿಂದ ಗಾಳಿ ನಮ್ಮ ಬೆನ್ನಿಗೆ ಬೀಸುವಂತೆ ಕೂತರೆ ಇಳಿಯುವ ಹಕ್ಕಿ ನಮ್ಮತ್ತ ಮುಖ ಮಾಡಿ ಬರುತ್ತದೆ. ಬಿಸಿಲೂ ಬೆನ್ನಿಗಿದ್ದರೆ ರೆಕ್ಕೆಯ ಒಂದೊಂದು ಗರಿಯೂ ಕಾಣುತ್ತದೆ. ಮೂಡಗಾಳಿ ಬೀಸುವ ಬೆಳಗಿನಲ್ಲಿ ಕೆರೆಯ ಪೂರ್ವದ ದಂಡೆಯಲ್ಲಿ ಕೂತರೆ ಎರಡೂ ಒದಗುತ್ತವೆ. ನಾನು ಅಂದು ಕೂತದ್ದು ಪಶ್ಚಿಮದಲ್ಲಿ!

ವೇಗದ ಲೆಕ್ಕ

ಗಂಟೆಗೆ 50 ಕಿಲೋಮೀಟರ್ ವೇಗದ ಹಕ್ಕಿ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಸಾಗುತ್ತದೆ. ಕ್ಯಾಮೆರಾದ ಷಟರ್ ಸೆಕೆಂಡಿನ 500ನೇ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ಅದು 2.8 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 2000ನೇ ಒಂದು ಭಾಗಕ್ಕಿಟ್ಟರೆ ಏಳೇ ಮಿಲಿಮೀಟರ್. ಬಾತು, ರೀವ, ಮಿಂಚುಳ್ಳಿಗಳಿಗೆ 2000ಕ್ಕೆ ಕಡಿಮೆ ಬೇಡ. ನಿಧಾನವಾಗಿ ರೆಕ್ಕೆ ಬಡಿಯುವ ಬಣ್ಣದ ಕೊಕ್ಕರೆಗೆ 1000 ಸಾಕು. ಹಕ್ಕಿ ದೂರದಲ್ಲಿರುವಾಗಲೇ ಕ್ಯಾಮೆರಾವನ್ನು ಅದರ ಮೇಲಿಟ್ಟು, ಸೊಂಟದಿಂದ ಮೈ ತಿರುಗಿಸುತ್ತ ಹಿಂಬಾಲಿಸಬೇಕು. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಫೋಕಸ್ ಕಣ್ಣಿನ ಮೇಲಿರಲಿ. ಬಿಳಿ ಹಕ್ಕಿಗೆ ಬೆಳಕು ತುಸು ಕಡಿಮೆ ಮಾಡದಿದ್ದರೆ ಗರಿಗಳೆಲ್ಲ ಸುಣ್ಣ ಬಳಿದಂತೆ ಕಾಣುತ್ತವೆ.

ಏಳುವ ರೀತಿಯನ್ನೂ ತಿಳಿದಿರಬೇಕು. ಸೂಜಿಬಾಲದ ಬಾತು ನೀರಿನಿಂದ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ನೀರುಕಾಗೆ ನೀರಿನ ಮೇಲೆ ಒದ್ದಾಡುತ್ತ ಒಂದಿಷ್ಟು ದೂರ ಹೋಗಿಯೇ ಏಳಬೇಕು. ರೀವ ನೀರಿನ ಮೇಲೆ ಒಂದೇ ಜಾಡಿನಲ್ಲಿ ಹೋಗಿ ಬರುತ್ತದೆ. ಮೊದಲ ಸಲ ಬಿಟ್ಟು ಜಾಡು ನೋಡಿಕೊಂಡರೆ ಎರಡನೆಯ ಸಲ ಸಿಗುತ್ತದೆ.

ಬೆಳೆಗಾರರಿಗೆ ಹೊಸದಲ್ಲ

ಈ ಹವ್ಯಾಸ ಆ ಸೀಮೆಗೂ ಹೊಸದಲ್ಲ, ನಮಗೂ ಹೊಸದಲ್ಲ. ಸಂಡೂರು ರಾಜಮನೆತನದ ಎಂ. ವೈ. ಘೋರ್ಪಡೆಯವರು (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದಂತೆಯೇ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಗ್ರಂಥ 1983ರಲ್ಲಿ ಹೊರಬಂತು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಬೆನ್ನುಹತ್ತಿ ಚಿತ್ರ ತೆಗೆದರು. ಒಂದು ರೀಲಿಗೆ 36 ಚಿತ್ರಗಳಷ್ಟೇ ಇದ್ದ ಕಾಲವದು. ಇಂದಿನ ಕ್ಯಾಮೆರಾ ಸೆಕೆಂಡಿಗೆ ಹತ್ತು ಚಿತ್ರ ತೆಗೆದರೂ ಕಾಯುವ ಕೆಲಸ ನಮ್ಮದೇ.

ಮೂರನೆಯ ದಿನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋದೆವು. ಶತಮಾನಗಳ ಹಿಂದೆ ಬೇಸಾಯಕ್ಕೆಂದು ಕಟ್ಟಿದ 98.76 ಹೆಕ್ಟೇರಿನ ಈ ಊರಕೆರೆ ಇಂದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಕೆರೆಯೊಳಗಿನ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳು ಗೂಡು ಕಟ್ಟುತ್ತವೆ. ರೈತರ ಕೆರೆಯೊಂದು ಹಕ್ಕಿಗಳ ಊರಾದದ್ದನ್ನು ಕಂಡು ಸಂತೋಷವಾಯಿತು.

ಅಲ್ಲಿ ಎರಡು ಗಂಟೆ ಸುಮ್ಮನೆ ಕೂತೆ. ಕೊಕ್ಕರೆಯೊಂದು ಕೊಕ್ಕಿನಲ್ಲಿ ಕಡ್ಡಿ ಹಿಡಿದು, ಗಾಳಿಗೆದುರಾಗಿ ರೆಕ್ಕೆ ಹರಡಿ, ಕಾಲು ಇಳಿಬಿಟ್ಟು ನನ್ನ ಕಡೆಗೇ ಇಳಿಯಿತು. ಆ ಚಿತ್ರ ಈಗ ನಮ್ಮ ಜಗಲಿಯ ಗೋಡೆಯ ಮೇಲಿದೆ. ಇನ್ನೊಂದು ಬೀಗರ ಮನೆಯಲ್ಲಿದೆ.

ನಮ್ಮ ಸದಸ್ಯರು ಅಷ್ಟು ದೂರ ಹೋಗಬೇಕೆಂದಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಗೆ ರೀವಗಳು ಗೂಡು ಮಾಡುತ್ತವೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು, ದೂರದಿಂದಲೇ ನೋಡಬೇಕು. ಅದೂ ಆಗದಿದ್ದರೆ ತೋಟದ ಕೆರೆಯ ಮಿಂಚುಳ್ಳಿಯಿಂದ ಆರಂಭಿಸಿ. ಚಪ್ಪಾಳೆ ಮಾತ್ರ ಬೇಡ.