ಕಂಪ್ಯೂಟರ್ ಯಾವ ಊರಿನ ಗಂಟೆಗೆ ಏಳಬೇಕು?

ಇವತ್ತಿನ ಕಂತು ಮಾಲ್ಮೋದ ನಮ್ಮ ಅಡುಗೆಮನೆಯಿಂದಲೇ ಶುರು. ಅಲ್ಲೊಂದು ಹಳೇ ಡೆಸ್ಕ್‌ಟಾಪ್ ಇದೆ. ದಿನಾ ಬೆಳಿಗ್ಗೆ 7ಕ್ಕೆ ತಾನೇ ಆನ್ ಆಗುತ್ತೆ, 7:45ಕ್ಕೆ ತಾನೇ ಆಫ್. ಆ ನಡುವೆ ಶಿವಮೊಗ್ಗದಿಂದ ಅಜ್ಜಿ ವಿಡಿಯೋ ಕರೆ ಮಾಡ್ತಾರೆ. ಅಲ್ಲಿ ಆಗ 11:30, ಅವರ ಅಡುಗೆ ಮುಗಿದಿರೋ ಹೊತ್ತು. ಮಕ್ಕಳು ತಿಂಡಿ ತಿನ್ನುತ್ತಾ ಮಾತಾಡಿ ಶಾಲೆಗೆ ಹೊರಡ್ತಾರೆ.

ಇಡೀ ದಿನ ಆನ್ ಇಟ್ಟರೇನು ಅಂತ ಕೇಳಬಹುದು. 50 ವ್ಯಾಟ್ ಎಳೆಯುತ್ತೆ ಅಂದುಕೊಂಡರೂ ವರ್ಷಕ್ಕೆ 438 ಯೂನಿಟ್ ಆಯ್ತು. 2011ರಿಂದ ಸ್ವೀಡನ್ನಿನಲ್ಲಿ ವಿದ್ಯುತ್ತಿಗೆ ನಾಲ್ಕು ಬೆಲೆ ವಲಯಗಳಿವೆ. ನಾವಿರೋದು ದಕ್ಷಿಣದ ನಾಲ್ಕನೇ ವಲಯ. ಜಲವಿದ್ಯುತ್ ಹೇರಳವಾಗಿರೋ ಉತ್ತರಕ್ಕಿಂತ ಇಲ್ಲಿ ಕರೆಂಟು ಸಾಮಾನ್ಯವಾಗಿ ದುಬಾರಿ.

ಸರಿ, ಆಫ್ ಆಗಿರೋ ಯಂತ್ರ ತಾನಾಗಿ ಏಳೋದು ಹೇಗೆ? ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತೆ, 3 ವೋಲ್ಟಿನದು. ಅದರ ಬಲದಲ್ಲಿ ಒಂದು ಪುಟ್ಟ ಗಡಿಯಾರ ಸದಾ ಓಡುತ್ತಿರುತ್ತೆ. ಅದರ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರೋ ಸಂಖ್ಯೆ ಇದು. ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಸೆಕೆಂಡಿನ ಮಿಡಿತ ಸಿಗುತ್ತೆ. 1984ರ ಐಬಿಎಂ ಪಿಸಿ ಎಟಿಯಲ್ಲೇ ಈ ಗಡಿಯಾರಕ್ಕೆ ಅಲಾರಂ ಇತ್ತು. ಆದರೆ ಅಲಾರಂ ಹೊಡೆದರೂ ಯಂತ್ರ ಏಳೋ ಹಾಗಿರಲಿಲ್ಲ, ಏಕೆಂದರೆ ಆಗಿನ ಸ್ವಿಚ್ಚು ಕರೆಂಟನ್ನೇ ಕಡಿದುಬಿಡುತ್ತಿತ್ತು. 1995ರಲ್ಲಿ ಬಂದ ಎಟಿಎಕ್ಸ್ ಮಾದರಿಯಲ್ಲಿ, ಕಂಪ್ಯೂಟರ್ ಆಫ್ ಆಗಿದ್ದರೂ ಬೋರ್ಡಿಗೆ 5 ವೋಲ್ಟಿನ ಒಂದು ಎಳೆ ಹರಿಯುತ್ತಲೇ ಇರುತ್ತೆ. ಅಲಾರಂ ಕೇಳಿಸಿಕೊಳ್ಳೋಕೆ ಅಷ್ಟು ಸಾಕು.

ಅಂದಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿದರೆ ಏಳಲ್ಲ. ಸ್ವೀಡನ್ನಿನ ಗೋಡೆಯ ಪ್ಲಗ್ಗುಗಳಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರಲ್ಲ, ನಿಜ. ಆದರೆ ಊರಿಂದ ಬಂದಿದ್ದ ಅತ್ತೆ ಎಕ್ಸ್‌ಟೆನ್ಶನ್ ಬೋರ್ಡಿನ ಸ್ವಿಚ್ ಹುಡುಕಿ, ರಾತ್ರಿ ಮಲಗೋ ಮುಂಚೆ ತಪ್ಪದೇ ಆಫ್ ಮಾಡ್ತಿದ್ರು!

ಹೊಂದಿಸೋದು ಸುಲಭ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಬಯಾಸ್‌ಗೆ ಹೋಗಿ. ಪವರ್ ವಿಭಾಗದಲ್ಲಿ ಆರ್‌ಟಿಸಿ ಅಲಾರಂ ಅಂತ ಇರೋ ಕಡೆ ಸಮಯ ಕೊಡಿ. ಆಫ್ ಮಾಡೋಕೆ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಇದೆ.

ಕಿತಾಪತಿ ಶುರುವಾಗಿದ್ದು ಮಾರ್ಚ್ ಕೊನೆಯ ಭಾನುವಾರ. ಅವತ್ತು ರಾತ್ರಿ 2 ಗಂಟೆಗೆ ಸ್ವೀಡನ್ನಿನ ಗಡಿಯಾರಗಳು 3ಕ್ಕೆ ಜಿಗಿಯುತ್ತವೆ. ಭಾರತದ ಜತೆಗಿನ ಅಂತರ ನಾಲ್ಕೂವರೆ ಗಂಟೆಯಿಂದ ಮೂರೂವರೆಗೆ ಇಳಿಯುತ್ತೆ. ಬೋರ್ಡಿನ ಗಡಿಯಾರಕ್ಕೆ ಇದ್ಯಾವುದೂ ಗೊತ್ತಿಲ್ಲ. ಅದನ್ನು ತಿದ್ದೋದು ವಿಂಡೋಸ್, ಅದೂ ಯಂತ್ರ ಎದ್ದ ಮೇಲೆ. ಹಾಗಾಗಿ ಆ ಭಾನುವಾರ ನಮ್ಮದು ಹಳೇ ಏಳಕ್ಕೆ, ಅಂದರೆ ಹೊಸ ಎಂಟಕ್ಕೆ ಎದ್ದಿತು. ಶಿವಮೊಗ್ಗದಲ್ಲಿ ಆಗ 11:30. ಅಜ್ಜಿಯ ಕರೆ ಎಂದಿನಂತೆ ಬಂತು, ಯಾರಿಗೂ ಏನೂ ಅನ್ನಿಸಲಿಲ್ಲ. 7:45 ಆಗಲೇ ದಾಟಿದ್ದರಿಂದ ಯಂತ್ರ ಸಂಜೆವರೆಗೂ ಆಫ್ ಆಗಲಿಲ್ಲ ಅಷ್ಟೆ.

ಸೋಮವಾರ ಸರಿಯಾಗಿ 7ಕ್ಕೆ ಎದ್ದು 7:45ಕ್ಕೆ ಮಲಗಿತು. ಅಜ್ಜಿ 11:30ಕ್ಕೆ ಕರೆ ಮಾಡಿದಾಗ ಇಲ್ಲಿ 8 ಗಂಟೆ, ಮನೆ ಖಾಲಿ. ನಾಲ್ಕು ಸಲ ಪ್ರಯತ್ನಿಸಿ, ಗಾಬರಿಯಾಗಿ, ಪಕ್ಕದ ಮನೆಯವರ ಹತ್ತಿರ ನಮ್ಮ ಮೊಬೈಲಿಗೆ ಫೋನ್ ಮಾಡಿಸಿದ್ರು. "ಏನಾಯ್ತೋ ಅಂತ ಎದೆ ಹೊಡ್ಕೊಂಡ್ಬಿಡ್ತು ಕಣ್ರೋ" ಅಂದ್ರು.

ಇದಕ್ಕೆ ಒಂದು ದಾರಿ ಇತ್ತು. ಲಿನಕ್ಸ್ ಸಾಮಾನ್ಯವಾಗಿ ಬೋರ್ಡಿನ ಗಡಿಯಾರವನ್ನು ಯುಟಿಸಿಯಲ್ಲಿ, ಅಂದರೆ ಇಡೀ ಲೋಕಕ್ಕೆ ಒಂದೇ ಆದ ಸಮಯದಲ್ಲಿ ಇಡುತ್ತೆ. ಅದರಲ್ಲಿ ಅಲಾರಂ 6ಕ್ಕೆ ಇಟ್ಟರೆ ಶಿವಮೊಗ್ಗದಲ್ಲಿ ವರ್ಷವಿಡೀ 11:30ರಲ್ಲೇ ಏಳುತ್ತೆ. ಆದರೆ ಇಲ್ಲಿ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 8. ಶಾಲೆ ಕಾಯಲ್ಲವಲ್ಲ! ಹಾಗಾಗಿ ಮಾಲ್ಮೋ ಗಂಟೆಯನ್ನೇ ಉಳಿಸಿಕೊಂಡೆವು. ಶೆಡ್ಯೂಲರಿನಲ್ಲಿ, ತಪ್ಪಿಹೋದ ಕೆಲಸವನ್ನು ಆದಷ್ಟು ಬೇಗ ಮಾಡು ಅನ್ನೋ ಆಯ್ಕೆಗೆ ಗುರುತು ಹಾಕಿದೆವು. ಅಜ್ಜಿ ಕ್ಯಾಲೆಂಡರಿನಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಹಾಳೆಗಳ ಮೇಲೆ 10:30 ಅಂತ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಾರೆ. ಆಗಿನ್ನೂ ಸಾರು ಒಲೆ ಮೇಲೇ ಇರುತ್ತೆ, ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿಕೊಂಡೇ ಮಾತಾಡ್ತಾರೆ.