ಮೇರಿ ಮಿಲ್ಸ್: ತಾನು ಹೊರಟ ಮೇಲೂ ಕೆಲಸ ನಿಲ್ಲಬಾರದು ಅಂದುಕೊಂಡ ನರ್ಸ್

ನರ್ಸ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರೋದು ಫ್ಲಾರೆನ್ಸ್ ನೈಟಿಂಗೇಲ್ ಹೆಸರು. ಶಾಲೆಯಲ್ಲಿ ಓದಿದ್ದು ಅಷ್ಟೇ ತಾನೇ. ಇವತ್ತು ನಾನು ಹೇಳಬೇಕು ಅಂತಿರೋದು ಪಠ್ಯದಲ್ಲಿ ಬಾರದ ಒಬ್ಬರ ಬಗ್ಗೆ. ಹೆಸರು ಮೇರಿ ಲೀ ಮಿಲ್ಸ್. ಅಮೆರಿಕದ ಕಪ್ಪುವರ್ಣೀಯ ನರ್ಸ್. ಲೈಬೀರಿಯಾ, ಲೆಬನಾನ್, ದಕ್ಷಿಣ ವಿಯೆಟ್ನಾಂ, ಕಾಂಬೋಡಿಯಾ, ಚಾಡ್, ಹೀಗೆ ದೇಶದಿಂದ ದೇಶಕ್ಕೆ ಹೋಗಿ ಸಾರ್ವಜನಿಕ ಆರೋಗ್ಯದ ಕೆಲಸ ಮಾಡಿದವರು.

ಹುಟ್ಟಿದ್ದು 1912ರಲ್ಲಿ, ನಾರ್ತ್ ಕ್ಯಾರೊಲಿನಾ ರಾಜ್ಯದ ವ್ಯಾಲೇಸ್ ಅನ್ನೋ ಸಣ್ಣ ಊರಲ್ಲಿ. ಆ ಕಾಲದಲ್ಲಿ ಅಲ್ಲಿ ಬಿಳಿಯರಿಗೆ ಒಂದು ಶಾಲೆ, ಕಪ್ಪುಜನರಿಗೆ ಇನ್ನೊಂದು. ಆಸ್ಪತ್ರೆಯೂ ಹಾಗೇ. ಮೇರಿ ನರ್ಸಿಂಗ್ ಓದಿದ್ದು ಡರ್ಹ್ಯಾಮ್ ನಗರದಲ್ಲಿ ಕಪ್ಪುಜನರಿಗಾಗಿಯೇ ಇದ್ದ ಲಿಂಕನ್ ಆಸ್ಪತ್ರೆಯ ಶಾಲೆಯಲ್ಲಿ. 1934ರಲ್ಲಿ ಅಲ್ಲಿಂದ ಹೊರಬಂದು ಸಾರ್ವಜನಿಕ ಆರೋಗ್ಯ ನರ್ಸ್ ಆದರು. ಆಮೇಲೆ ನ್ಯೂಯಾರ್ಕಿನಲ್ಲಿ ಹೆರಿಗೆ ಮಾಡಿಸೋ ತರಬೇತಿ ಪಡೆದು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯವರೆಗೂ ಓದಿದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ತೀನಿ. ಆಸ್ಪತ್ರೆಯ ನರ್ಸ್ ಹತ್ತಿರಕ್ಕೆ ರೋಗಿ ಬರ್ತಾನೆ. ಸಾರ್ವಜನಿಕ ಆರೋಗ್ಯ ನರ್ಸ್ ರೋಗ ಬರೋದಕ್ಕೆ ಮುಂಚೆಯೇ ತಾನೇ ಜನರ ಮನೆಗೆ ಹೋಗ್ತಾಳೆ. ಒಂದು ಉದಾಹರಣೆ ನೋಡಿ. ಹೆರಿಗೆ ಆದಾಗ ಹೊಕ್ಕುಳಬಳ್ಳಿಯನ್ನು ಕೊಳಕು ಬ್ಲೇಡಿನಿಂದ ಕತ್ತರಿಸಿದರೆ ಮಗುವಿಗೆ ಧನುರ್ವಾಯು ಬರಬಹುದು. ಕೆಲವೇ ದಿನಗಳಲ್ಲಿ ಮಗು ಕೈತಪ್ಪಿ ಹೋಗುತ್ತೆ. ಇದನ್ನ ತಡೆಯೋಕೆ ದೊಡ್ಡ ಆಸ್ಪತ್ರೆಯೇ ಬೇಕು ಅಂತಿಲ್ಲ. ಕೈ ತೊಳೆಯೋದು, ಕುದಿಸಿದ ಉಪಕರಣ ಬಳಸೋದು, ಗಾಯಕ್ಕೆ ಏನನ್ನೂ ಮೆತ್ತದೆ ಇರೋದು, ಇಷ್ಟನ್ನ ಊರಿನ ಸೂಲಗಿತ್ತಿಗೆ ಸರಿಯಾಗಿ ಕಲಿಸಿದರೂ ಎಷ್ಟೋ ಜೀವ ಉಳಿಯುತ್ತೆ. ಆದರೆ ಕಲಿಸೋರು ಅವಳ ಭಾಷೆಯಲ್ಲಿ, ಅವಳ ಮರ್ಯಾದೆಗೆ ಕುಂದು ಬರದ ಹಾಗೆ ಕಲಿಸಬೇಕು.

ಈಗ ಲೈಬೀರಿಯಾಕ್ಕೆ ಬರೋಣ. ಅಮೆರಿಕದಿಂದ ಹೋಗಿ ನೆಲೆಸಿದ ಕಪ್ಪುಜನರು 1847ರಲ್ಲಿ ಸ್ವತಂತ್ರ ಅಂತ ಸಾರಿದ ಪಶ್ಚಿಮ ಆಫ್ರಿಕಾದ ದೇಶ ಅದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕಕ್ಕೆ ಅಲ್ಲಿನ ರಬ್ಬರ್ ಬೇಕಿತ್ತು, ವಿಮಾನ ನಿಲ್ದಾಣವೂ ಬೇಕಿತ್ತು. ಮಲೇರಿಯಾ ಕಾಟ ಬೇರೆ. ಹಾಗಾಗಿ 1944ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅಲ್ಲಿಗೆ ಒಂದು ತಂಡ ಕಳಿಸಿತು. ತಂಡದ ಮುಖ್ಯಸ್ಥ ಡಾ. ಜಾನ್ ವೆಸ್ಟ್ ಕೂಡ ಕಪ್ಪುವರ್ಣೀಯರೇ. 1946ರಲ್ಲಿ ಮೇರಿ ಈ ತಂಡ ಸೇರಿ, ಅದರ ನರ್ಸಿಂಗ್ ವಿಭಾಗದ ಮುಖ್ಯಸ್ಥೆಯಾದರು.

ವಿಪರ್ಯಾಸ ನೋಡಿ. ಅವರು ಅಮೆರಿಕ ಸರ್ಕಾರದ ಪ್ರತಿನಿಧಿಯಾಗಿ ಇನ್ನೊಂದು ದೇಶದಲ್ಲಿ ಕೂತಿದ್ದಾರೆ. ಅದೇ ಹೊತ್ತಿನಲ್ಲಿ ಅವರದೇ ರಾಜ್ಯದಲ್ಲಿ ಬಿಳಿಯರ ಆಸ್ಪತ್ರೆ ಬಾಗಿಲು ಅವರಿಗೆ ಮುಚ್ಚಿದೆ. ಅಮೆರಿಕದ ನರ್ಸ್‌ಗಳ ರಾಷ್ಟ್ರೀಯ ಸಂಘ ದಕ್ಷಿಣದ ರಾಜ್ಯಗಳ ಕಪ್ಪು ನರ್ಸ್‌ಗಳಿಗೆ ನೇರ ಸದಸ್ಯತ್ವದ ದಾರಿ ತೆರೆದದ್ದೇ 1948ರಲ್ಲಿ!

ಲೈಬೀರಿಯಾದಲ್ಲಿ ಅವರು ಜನರಿಗೆ ಆರೋಗ್ಯ ಶಿಕ್ಷಣ ಕೊಡೋ ಕಾರ್ಯಕ್ರಮ ನಡೆಸಿದರು. ಅದಕ್ಕಿಂತ ದೊಡ್ಡ ಕೆಲಸ, ರಾಜಧಾನಿ ಮನ್ರೋವಿಯಾದಲ್ಲಿ ಟಬ್‌ಮನ್ ನ್ಯಾಷನಲ್ ನರ್ಸಿಂಗ್ ಶಾಲೆಯನ್ನು ಕಟ್ಟೋದಕ್ಕೆ ಕೈಜೋಡಿಸಿದ್ದು. ಲೆಕ್ಕ ಸರಳ. ಹೊರಗಿನಿಂದ ಬಂದ ಒಬ್ಬ ನರ್ಸ್ ಎಷ್ಟು ದುಡಿದರೂ ಅವಳು ವಿಮಾನ ಹತ್ತಿದ ದಿನ ಕೆಲಸ ನಿಂತುಹೋಗುತ್ತೆ. ಆ ದೇಶದ ಹುಡುಗಿಯರೇ ಕಲಿತರೆ, ಅವರು ಮುಂದಿನವರಿಗೆ ಕಲಿಸ್ತಾರೆ.

ನಮ್ಮ ಐಟಿ ಭಾಷೆಯಲ್ಲಿ ಇದು ಕೆಟಿ, ನಾಲೆಡ್ಜ್ ಟ್ರಾನ್ಸ್‌ಫರ್. ಆದರೆ ನಮ್ಮಲ್ಲಿ ಕೆಟಿ ಅಂದ್ರೆ ಏನು ಹೇಳಿ? ನೋಟಿಸ್ ಪೀರಿಯಡ್‌ನ ಕೊನೇ ವಾರದಲ್ಲಿ ಎರಡು ಕಾಲ್, ಒಂದು ಡಾಕ್ಯುಮೆಂಟ್. ಮೇರಿ ಇದನ್ನ ಹೊರಡೋ ಹೊತ್ತಿಗೆ ಮಾಡೋ ಕೆಲಸ ಅಂದುಕೊಳ್ಳಲಿಲ್ಲ. ಅವರಿಗೆ ಬಂದ ಮೊದಲ ದಿನದಿಂದ ಅದೇ ಕೆಲಸ.

1952ರಲ್ಲಿ ಲೆಬನಾನ್, ಅಲ್ಲಿಂದ ವಿಯೆಟ್ನಾಂ, ಕಾಂಬೋಡಿಯಾ, ಚಾಡ್. ಅಷ್ಟು ಹೊತ್ತಿಗೆ ಬಡದೇಶಗಳಿಗೆ ತಾಂತ್ರಿಕ ನೆರವು ಕೊಡೋದು ಅಮೆರಿಕದ ಅಧಿಕೃತ ನೀತಿಯಾಗಿತ್ತು. ಅದರ ಹಿಂದೆ ಶೀತಲ ಸಮರದ ರಾಜಕೀಯ ಇತ್ತು, ಅದನ್ನ ಮುಚ್ಚಿಡಬೇಕಾಗಿಲ್ಲ. ಆದರೆ ನೀತಿ ಮಾಡಿದವರು ಬೇರೆ, ಜನರ ನಡುವೆ ನಿಂತು ಕಲಿಸಿದವರು ಬೇರೆ. ಲೈಬೀರಿಯಾ, ಲೆಬನಾನ್ ಎರಡೂ ಸರ್ಕಾರಗಳು ಅವರನ್ನ ಗೌರವಿಸಿದವು. 2010ರಲ್ಲಿ, 97ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಕೊನೆಗೆ ಉಳಿದದ್ದೇನು? ಲೈಬೀರಿಯಾ 1989ರಿಂದ 2003ರ ನಡುವೆ ಎರಡು ಅಂತರ್ಯುದ್ಧಗಳಲ್ಲಿ ಬೆಂದುಹೋಯಿತು. 2014ರಲ್ಲಿ ಎಬೋಲಾ ಬಂತು, ಆರೈಕೆ ಮಾಡ್ತಿದ್ದ ಎಷ್ಟೋ ನರ್ಸ್‌ಗಳೇ ಪ್ರಾಣ ಕಳೆದುಕೊಂಡರು. ಒಂದು ಶಾಲೆಯಿಂದ ಇಡೀ ದೇಶದ ಕಷ್ಟ ತೀರೋದಿಲ್ಲ, ನಿಜ. ಆದರೆ ಆ ಶಾಲೆ ಉಳಿದುಕೊಂಡಿತು. ಇವತ್ತು ಟಬ್‌ಮನ್ ಹೆಸರಿನ ವೈದ್ಯಕೀಯ ತರಬೇತಿ ಸಂಸ್ಥೆಯಾಗಿ ಬೆಳೆದು, ಈಗಲೂ ನರ್ಸ್‌ಗಳನ್ನ, ಸೂಲಗಿತ್ತಿಯರನ್ನ ತಯಾರು ಮಾಡ್ತಿದೆ. ಅಲ್ಲಿ ಓದೋ ಹುಡುಗಿಯರಲ್ಲಿ ಎಷ್ಟೋ ಜನ ಮೇರಿ ಮಿಲ್ಸ್ ಹೆಸರೇ ಕೇಳಿರಲಿಕ್ಕಿಲ್ಲ. ನನ್ನ ಪ್ರಕಾರ ಅವರ ಕೆಲಸ ಗೆದ್ದಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.